ಬಾಕಿ ಪಟ್ಟಿ ಸಾಗಿಸಿದರೆ ಬಾಕಿ ತೀರುವುದಿಲ್ಲ

ಮಳೆಗಾಲದ ದಿನಗಳಲ್ಲಿ ಕೊಟ್ಟಿಗೆಹಾರದ ಹೆಸರು ದಿನಪತ್ರಿಕೆಗಳ ಮಳೆ ವರದಿಯಲ್ಲಿ ತಪ್ಪದೆ ಕಾಣಿಸಿಕೊಳ್ಳುತ್ತದೆ. ಚಾರ್ಮಾಡಿ ಘಾಟಿಯ ನೆತ್ತಿಯಲ್ಲಿರುವ ಈ ಪುಟ್ಟ ಊರಿನಲ್ಲಿ ಹಿಂದಿನ ದಿನ ಎಷ್ಟು ಮಿಲಿಮೀಟರ್ ಮಳೆ ಸುರಿಯಿತೆಂಬುದು ಮರುದಿನ ಬೆಂಗಳೂರಿನ ಓದುಗರಿಗೂ ತಿಳಿಯುತ್ತದೆ. ಮಳೆಯನ್ನು ಅಳೆಯುವುದರಲ್ಲಿ ನಮ್ಮ ವ್ಯವಸ್ಥೆ ತೋರುವ ಈ ಶಿಸ್ತು, ಆ ಮಳೆ ಉಳಿಸಿಹೋದ ಅರ್ಜಿಗಳನ್ನು ಎಣಿಸುವುದರಲ್ಲಿ ಕಾಣುವುದಿಲ್ಲ. ಕುಸಿದ ಗೋಡೆ, ಕೊಚ್ಚಿಹೋದ ತೋಟ, ವಾಲಿದ ವಿದ್ಯುತ್ ಕಂಬ, ಆನೆ ತುಳಿದ ಕಾಫಿ ಗಿಡ, ದಶಕಗಳಿಂದ ಇತ್ಯರ್ಥವಾಗದ ಸಾಗುವಳಿ ಜಮೀನು - ಇವುಗಳ ಲೆಕ್ಕ ಎಲ್ಲಿದೆ ಎಂದು ಕೇಳಿದರೆ, ಒಂದೊಂದು ಕಚೇರಿಯ ಒಂದೊಂದು ಕಂಪ್ಯೂಟರಿನಲ್ಲಿರುವ ಎಕ್ಸೆಲ್ ಕಡತದತ್ತ ಬೆರಳು ತೋರಿಸಬೇಕಾಗುತ್ತದೆ.

ಸ್ಪ್ರೆಡ್‌ಶೀಟ್ ಉಪಯುಕ್ತ ಸಾಧನವೆಂಬುದರಲ್ಲಿ ಎರಡು ಮಾತಿಲ್ಲ. 1979ರಲ್ಲಿ ವಿಸಿಕ್ಯಾಲ್ಕ್ ಬಂದಂದಿನಿಂದ ಈ ಸಾಲು-ಕಂಬಗಳ ಹಾಳೆ ಲೆಕ್ಕಿಗರ ಬದುಕನ್ನು ಹಗುರಗೊಳಿಸಿದೆ. ನಮ್ಮ ಕಚೇರಿಗಳ ಆವಕ-ಜಾವಕ ವಹಿಯನ್ನೇ ತೆರೆಯ ಮೇಲೆ ತಂದಂತಿರುವುದರಿಂದ ಸಿಬ್ಬಂದಿ ಅದಕ್ಕೆ ಬಹುಬೇಗ ಒಗ್ಗಿಕೊಂಡರು. ಆದರೆ ಅದು ಅಂಕಿ ಕೂಡಿಸಲು ಹುಟ್ಟಿದ ಸಾಧನವೇ ಹೊರತು ಕಾಯುತ್ತಿರುವವರ ಸರದಿ ಕಾಪಾಡಲು ಹುಟ್ಟಿದ್ದಲ್ಲ. ಕಚೇರಿಗಳಲ್ಲಿ ಅದು ಬಳಕೆಯಾಗುವ ರೀತಿಯಲ್ಲಿ, ಯಾವ ಸಾಲನ್ನು ಯಾರು ಯಾವಾಗ ಅಳಿಸಿದರೆಂಬುದು ತಿಳಿಯುವುದಿಲ್ಲ. ಒಂದೇ ಪಟ್ಟಿಯ ನಾಲ್ಕು ಪ್ರತಿಗಳು ನಾಲ್ಕು ಮೇಜುಗಳಲ್ಲಿ ಬೇರೆ ಬೇರೆಯಾಗಿ ಬೆಳೆಯುತ್ತವೆ. ನೌಕರರ ವರ್ಗಾವಣೆಯಾದರೆ ಪಟ್ಟಿಯ ಅರ್ಥವೂ ಅವರೊಡನೆ ವರ್ಗಾವಣೆಯಾಗುತ್ತದೆ. ಇದು ಹಿಂದುಳಿದ ಕಚೇರಿಗಳ ಸಮಸ್ಯೆ ಮಾತ್ರವಲ್ಲ. 2020ರ ಸೆಪ್ಟೆಂಬರ್ ಕೊನೆಯಲ್ಲಿ ಬ್ರಿಟನ್ನಿನ ಸಾರ್ವಜನಿಕ ಆರೋಗ್ಯ ಸಂಸ್ಥೆ ಕೋವಿಡ್ ಫಲಿತಾಂಶಗಳನ್ನು ಹಳೆಯ ಮಾದರಿಯ ಎಕ್ಸೆಲ್ ಕಡತಗಳಿಗೆ ತುಂಬಿಸುತ್ತಿತ್ತು. 65,536 ಸಾಲುಗಳಿಗಿಂತ ಹೆಚ್ಚು ಹಿಡಿಸದ ಆ ಕಡತದಿಂದ 15,841 ಸೋಂಕಿತರ ವಿವರಗಳು ಸದ್ದಿಲ್ಲದೆ ಬಿಟ್ಟುಹೋದವು. ಅವರ ಸಂಪರ್ಕಕ್ಕೆ ಬಂದವರನ್ನು ಹುಡುಕುವ ಕೆಲಸ ದಿನಗಟ್ಟಲೆ ತಡವಾಯಿತು.

ಆದ್ದರಿಂದ ಇಂಥ ಪಟ್ಟಿಗಳನ್ನು ಕೆಲಸದ ಜಾಡು ಹಿಡಿಯುವ ತಂತ್ರಾಂಶಗಳಿಗೆ ಸಾಗಿಸಬೇಕೆಂಬ ಮಾತು ಸರಿಯಾದದ್ದೇ. ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಗಳಿಗೆ ಇದು ಹೊಸದಲ್ಲ. 1998ರಲ್ಲಿ ಮುಕ್ತವಾದ ಬಗ್‌ಜಿಲ್ಲಾ, 2002ರಲ್ಲಿ ಬಂದ ಜಿರಾ ಮುಂತಾದವು ಮಾಡುವುದು ಇಷ್ಟೆ: ಪ್ರತಿ ದೂರಿಗೂ ಒಂದು ಸಂಖ್ಯೆ, ಒಬ್ಬ ಹೊಣೆಗಾರ, ಒಂದು ಸ್ಥಿತಿ, ಮತ್ತು ಆರಂಭದಿಂದ ಕೊನೆಯವರೆಗೆ ನಡೆದದ್ದರ ಅಳಿಸಲಾಗದ ಚರಿತ್ರೆ. ಇದನ್ನು ಅವರು 'ಟಿಕೆಟ್' ಎನ್ನುತ್ತಾರೆ. ಸರ್ಕಾರಕ್ಕೂ ಈ ಕಲ್ಪನೆ ಅಪರಿಚಿತವಲ್ಲ. 2011ರ ಕಾಯ್ದೆಯಡಿ 2012ರಲ್ಲಿ ಜಾರಿಗೆ ಬಂದ 'ಸಕಾಲ', ಪ್ರತಿ ಅರ್ಜಿಗೂ 15 ಅಂಕಿಗಳ ಸಂಖ್ಯೆ ಕೊಟ್ಟಿತು; ತಡವಾದರೆ ದಿನಕ್ಕೆ 20 ರೂಪಾಯಿಯಂತೆ 500 ರೂಪಾಯಿವರೆಗೆ ಪರಿಹಾರ ಕೇಳುವ ಹಕ್ಕನ್ನೂ ಕೊಟ್ಟಿತು. ಕುಂದುಕೊರತೆಗಳಿಗೆ 1902 ಸಹಾಯವಾಣಿಯ 'ಜನಸ್ಪಂದನ' ಬಂದಿದೆ. ಕೇಂದ್ರ ಸರ್ಕಾರದ ಕುಂದುಕೊರತೆ ಜಾಲಕ್ಕೆ ಐಐಟಿ ಕಾನ್ಪುರ ರೂಪಿಸಿದ ಕೃತಕ ಬುದ್ಧಿಮತ್ತೆಯ ವ್ಯವಸ್ಥೆ 2023ರ ಸೆಪ್ಟೆಂಬರ್‌ನಲ್ಲಿ ಸೇರ್ಪಡೆಯಾಯಿತು. ಬಗರ್‌ಹುಕುಂ ಅರ್ಜಿಗಳಲ್ಲಿ ಹೇಳಿದ ಜಮೀನು ನಿಜಕ್ಕೂ ಸಾಗುವಳಿಯಲ್ಲಿತ್ತೇ ಎಂದು ಉಪಗ್ರಹ ಚಿತ್ರಗಳಿಂದ ಪರಿಶೀಲಿಸುವ ಆ್ಯಪ್ ಕೂಡ ಕಂದಾಯ ಇಲಾಖೆಯಲ್ಲಿ ಬಳಕೆಗೆ ಬಂದಿದೆ.

ಹೊಸ ಅರ್ಜಿಗಳಿಗೆ ಇವೆಲ್ಲ ಸರಿ. ಪ್ರಶ್ನೆ ಇರುವುದು ಹಳೆಯ ಬಾಕಿಯಲ್ಲಿ. ಹತ್ತಾರು ವರ್ಷಗಳ ಎಕ್ಸೆಲ್ ಪಟ್ಟಿಯನ್ನು ಹೊಸ ತಂತ್ರಾಂಶಕ್ಕೆ ತುಂಬಿಸುವುದು ಬೇಸರ ಹುಟ್ಟಿಸುವ ಕೆಲಸ. 'ಎಐಗೆ ಕೊಟ್ಟುಬಿಡಿ, ಒಂದು ಮಧ್ಯಾಹ್ನದಲ್ಲಿ ಮುಗಿಯುತ್ತದೆ' ಎಂಬ ಸಲಹೆ ಈಗ ಎಲ್ಲೆಡೆ ಕೇಳಿಬರುತ್ತಿದೆ. ಮುಗಿಯುತ್ತದೆ ಎಂಬುದೇನೋ ನಿಜ. ಏನು ಮುಗಿಯುತ್ತದೆ ಎಂಬುದನ್ನು ಮಾತ್ರ ವಿಚಾರಿಸಬೇಕಾಗಿದೆ.

ಮೊದಲಿಗೆ ಈ ಯಂತ್ರ ಚೆನ್ನಾಗಿ ಮಾಡಬಲ್ಲ ಕೆಲಸವನ್ನು ಒಪ್ಪಿಕೊಳ್ಳೋಣ. ನಮ್ಮ ಪಟ್ಟಿಗಳ ಜೀವಾಳವಿರುವುದು ಕೊನೆಯ ಕಂಬವಾದ 'ಷರಾ'ದಲ್ಲಿ. 'ಗೋಡೆ ಬಿದ್ದಿದೆ, ಕಂಬ ವಾಲಿದೆ, ಹಿಂದಿನ ವರ್ಷದ ಪರಿಹಾರವೂ ಬಂದಿಲ್ಲವೆಂದು ತಿಳಿಸಿರುತ್ತಾರೆ, ವರದಿ ಕೇಳಿದೆ' ಎಂಬಂಥ ಒಂದು ಷರಾವನ್ನು ಊಹಿಸಿಕೊಳ್ಳಿ. ಒಂದೇ ಸಾಲಿನಲ್ಲಿ ಮೂರು ದೂರುಗಳಿವೆ. ಒಂದು ಕಂದಾಯ ಇಲಾಖೆಯದು, ಇನ್ನೊಂದು ಮೆಸ್ಕಾಂನದು, ಮೂರನೆಯದು ಮಂಜೂರಾಗಿಯೂ ಕೈಸೇರದ ಹಣದ್ದು. ಇವನ್ನು ಬಿಡಿಸಿ, ಮೂರು ಟಿಕೆಟ್‌ಗಳಾಗಿಸಿ, ಒಂದಕ್ಕೊಂದು ಕೊಂಡಿ ಹಾಕಿ, ಪ್ರತಿಯೊಂದಕ್ಕೂ ತಿಳಿಗನ್ನಡದಲ್ಲಿ ಒಂದು ಸಾಲಿನ ಸಾರಾಂಶ ಬರೆದುಕೊಡುವ ಶಕ್ತಿ ಇಂದಿನ ಭಾಷಾ ಮಾದರಿಗಳಿಗಿದೆ. ಸಾವಿರಾರು ಸಾಲುಗಳನ್ನು ಬೇಸರಿಸದೆ ಓದುವ ಗುಮಾಸ್ತ ಸಿಗುವುದಾದರೆ ಬೇಡವೆನ್ನುವುದು ಮೂರ್ಖತನ.

ಆದರೆ ಈ ಗುಮಾಸ್ತನಿಗೆ ಒಂದು ದೌರ್ಬಲ್ಯವಿದೆ: ಗೊತ್ತಿಲ್ಲ ಎನ್ನಲು ಹಿಂಜರಿಯುತ್ತಾನೆ. ಖಾಲಿ ಬಿಟ್ಟ ಕೋಶ ಕಂಡರೆ ನಂಬುವಂತೆ ಏನನ್ನಾದರೂ ತುಂಬುವ ಪ್ರವೃತ್ತಿ ಅವನದು. ಅದಕ್ಕಿಂತ ಮೊದಲೇ ಎಕ್ಸೆಲ್ ಮಾಡಿಟ್ಟ ಹಾನಿಯೂ ಇರುತ್ತದೆ. 12/3 ಎಂಬ ಸರ್ವೆ ನಂಬರನ್ನು ಎಕ್ಸೆಲ್‌ನಲ್ಲಿ ಸುಮ್ಮನೆ ಟೈಪ್ ಮಾಡಿ ನೋಡಿ. ಅದು ಮಾರ್ಚ್ 12ನೆಯ ತಾರೀಖಾಗಿಯೋ ಡಿಸೆಂಬರ್ 3 ಆಗಿಯೋ ಬದಲಾಗುತ್ತದೆ. ಜಗತ್ತಿನ ವಂಶವಾಹಿ ವಿಜ್ಞಾನಿಗಳು ಇದೇ ಕಾಟ ತಾಳಲಾರದೆ, ತಿಂಗಳ ಹೆಸರನ್ನು ಹೋಲುವ ಕೆಲವು ವಂಶವಾಹಿಗಳ ಹೆಸರನ್ನೇ ಬದಲಾಯಿಸಿದ ಸಂಗತಿ 2020ರಲ್ಲಿ ಸುದ್ದಿಯಾಗಿತ್ತು. ನಮ್ಮ ರೈತ ತನ್ನ ಸರ್ವೆ ನಂಬರ್ ಬದಲಾಯಿಸಿಕೊಳ್ಳುವಂತಿಲ್ಲ.

ಎಕರೆ-ಗುಂಟೆಯ ಕತೆಯೂ ಹೀಗೆಯೇ. ಬಗರ್‌ಹುಕುಂ ಪ್ರಕರಣಗಳಲ್ಲಿ ಮತ್ತೆ ಮತ್ತೆ ಕೇಳಿಬರುವ ವಿಸ್ತೀರ್ಣ 4 ಎಕರೆ 38 ಗುಂಟೆ. ಪಟ್ಟಿಯಲ್ಲಿ ಇದು 4-38 ಎಂದೋ 4.38 ಎಂದೋ ಕಾಣಿಸಿಕೊಳ್ಳುತ್ತದೆ. ಎಕರೆಗೆ 40 ಗುಂಟೆ ಎಂಬುದನ್ನು ತಿಳಿಯದ ತಂತ್ರಾಂಶ ಅದನ್ನು ದಶಮಾಂಶವೆಂದು ಓದಿದರೆ ಸುಮಾರು 23 ಗುಂಟೆ ಮಾಯವಾಗುತ್ತದೆ. ಹೆಸರುಗಳ ಪಾಡು ಇನ್ನೂ ಸೂಕ್ಷ್ಮ. ಕಂದಾಯ ದಾಖಲೆಯ 'ಬಿನ್' ಎಂದರೆ ಮಗ, 'ಕೋಂ' ಎಂದರೆ ಹೆಂಡತಿ. ಇದನ್ನು ಹೆಸರಿನ ತುಣುಕೆಂದು ಕಿತ್ತುಹಾಕಿದರೆ ಒಂದೇ ಹಳ್ಳಿಯ ಇಬ್ಬರು ಲಕ್ಷ್ಮಮ್ಮಂದಿರು ಒಬ್ಬರಾಗುತ್ತಾರೆ. 'ನಕಲು ಅರ್ಜಿ' ಎಂಬ ಒಕ್ಕಣೆಯೊಡನೆ ಒಬ್ಬರ ಅರ್ಜಿ ಮುಚ್ಚಿಹೋಗುತ್ತದೆ. ಇನ್ನು ಊರಿನ ವಿಚಾರ. ಕಳಸ ಈಗ ಪ್ರತ್ಯೇಕ ತಾಲ್ಲೂಕು. ಆದರೆ ಹಳೆಯ ಸಾಲುಗಳಲ್ಲಿ ಆ ಭಾಗದ ಹಳ್ಳಿಗಳೆಲ್ಲ ಮೂಡಿಗೆರೆ ತಾಲ್ಲೂಕಿನವೇ. ಪಟ್ಟಿಯಲ್ಲಿದ್ದುದನ್ನು ಇದ್ದಂತೆಯೇ ನಂಬಿದ ಯಂತ್ರ ಟಿಕೆಟನ್ನು ಮೂಡಿಗೆರೆಗೇ ಕಳಿಸುತ್ತದೆ. ಅಲ್ಲಿನವರು ತಮಗೆ ಸಂಬಂಧಿಸಿದ್ದಲ್ಲವೆಂದು ಹಿಂಬರಹ ಬರೆಯುತ್ತಾರೆ.

ಲಿಪಿಯ ಸಮಸ್ಯೆಯಂತೂ ಕನ್ನಡಕ್ಕೇ ವಿಶಿಷ್ಟವೆನ್ನುವಷ್ಟು ಗಾಢವಾಗಿದೆ. 2000ರ ದಶಕದಲ್ಲಿ ನಮ್ಮ ಕಚೇರಿಗಳು ಬಳಸಿದ ನುಡಿ, ಬರಹ ಮುಂತಾದ ಅಕ್ಷರಶೈಲಿಗಳು ಕನ್ನಡದ ಅಕ್ಷರಚೂರುಗಳನ್ನು ರೋಮನ್ ಅಕ್ಷರಗಳ ಸಂಕೇತಸ್ಥಾನಗಳಲ್ಲಿ ಕೂರಿಸಿದ್ದವು. ಯೂನಿಕೋಡ್ ತಂತ್ರಾಂಶಕ್ಕೆ ಅಂಥ ಕಡತವನ್ನು ತುಂಬಿದೊಡನೆ ಹೆಸರು, ಊರು, ಷರಾ ಎಲ್ಲವೂ ಅರ್ಥಹೀನ ಚಿಹ್ನೆಗಳಾಗುತ್ತವೆ. ಕನ್ನಡದ ತಂತ್ರಾಂಶಗಳ ಬಗ್ಗೆ ನಾಡು ಗಂಭೀರವಾಗಬೇಕೆಂದು ಬಲವಾಗಿ ಒತ್ತಾಯಿಸಿದವರಲ್ಲಿ ಮೂಡಿಗೆರೆಯ ಪೂರ್ಣಚಂದ್ರ ತೇಜಸ್ವಿ ಪ್ರಮುಖರು. ಅವರ ಹೆಸರಿನ ಪ್ರತಿಷ್ಠಾನ ಇಂದು ಕೊಟ್ಟಿಗೆಹಾರದಲ್ಲೇ ಇದೆ. ಹಳೆಯ ಅಕ್ಷರಗಳನ್ನು ಯೂನಿಕೋಡ್‌ಗೆ ತರುವ ಪರಿವರ್ತಕಗಳು ಲಭ್ಯವಿವೆ. ಅವು ನಿಯಮದಂತೆ ಕೆಲಸ ಮಾಡುತ್ತವೆ, ಊಹಿಸುವುದಿಲ್ಲ. ನಿಯಮಕ್ಕೆ ಸಿಗುವ ಕೆಲಸವನ್ನು ನಿಯಮಕ್ಕೇ ಬಿಡಬೇಕು. ಅರ್ಥ ಗ್ರಹಿಸಬೇಕಾದ ಕಡೆ ಮಾತ್ರ ಕೃತಕ ಬುದ್ಧಿಮತ್ತೆಯನ್ನು ಕರೆಯಬೇಕು. ಚಿಹ್ನೆಗಳ ರಾಶಿಯನ್ನು ಕೊಟ್ಟು 'ಇದರಲ್ಲಿ ಏನಿರಬಹುದು' ಎಂದು ಕೇಳಿದರೆ ಅದು ಒಬ್ಬ ಹೊಸ ಅರ್ಜಿದಾರನನ್ನೇ ಸೃಷ್ಟಿಸೀತು.

ಇವೆಲ್ಲ ತಾಂತ್ರಿಕ ತೊಡಕುಗಳು, ಎಚ್ಚರವಹಿಸಿದರೆ ನಿವಾರಿಸಬಹುದು. ಅದಕ್ಕಿಂತ ಆಳದಲ್ಲಿ ಒಂದು ತಾತ್ವಿಕ ಪ್ರಶ್ನೆಯಿದೆ. ಸಾಫ್ಟ್‌ವೇರ್ ಕಂಪನಿಗಳಲ್ಲಿ ಬಾಕಿ ಪಟ್ಟಿ ಕೈಮೀರಿ ಬೆಳೆದಾಗ ಹಳೆಯದನ್ನೆಲ್ಲ ಒಮ್ಮೆಲೇ ಮುಚ್ಚಿಬಿಡುವ ಪದ್ಧತಿಯಿದೆ. ಎರಡು ವರ್ಷ ಯಾರೂ ಮುಟ್ಟದ ದೂರು ಮುಖ್ಯವಾದದ್ದಾಗಿರಲಾರದು. ಮುಖ್ಯವಾಗಿದ್ದರೆ ಮತ್ತೆ ಬಂದೇ ಬರುತ್ತದೆ ಎಂಬುದು ಅವರ ತರ್ಕ. ಅಲ್ಲಿಗೆ ಅದು ಸರಿಯಾದ ತರ್ಕವೂ ಹೌದು. ಒಂದು ಗುಂಡಿಯ ಬಣ್ಣ ಬದಲಾಗಬೇಕೆಂಬ ಬೇಡಿಕೆ ತಾನಾಗಿ ಸತ್ತುಹೋದರೆ ಯಾರಿಗೂ ನಷ್ಟವಿಲ್ಲ. ಆ ಪಟ್ಟಿ ಕಂಪನಿಗೆ ಸೇರಿದ್ದು. ಏನನ್ನು ಉಳಿಸಬೇಕು, ಏನನ್ನು ಬಿಡಬೇಕೆಂಬ ಅಧಿಕಾರ ಅದರದೇ.

ಸರ್ಕಾರಿ ಕಚೇರಿಯ ಬಾಕಿ ಪಟ್ಟಿ ಕಚೇರಿಯ ಸ್ವತ್ತಲ್ಲ. ಅದರ ಪ್ರತಿ ಸಾಲಿನ ಹಿಂದೆ ಅರ್ಜಿ ಕೊಟ್ಟು ಸ್ವೀಕೃತಿ ಪಡೆದು ಕಾಯುತ್ತಿರುವ ಮನುಷ್ಯರಿದ್ದಾರೆ. 2019ರ ಆಗಸ್ಟ್‌ನಲ್ಲಿ ಮಲೆಮನೆ, ಮಧುಗುಂಡಿ ಮುಂತಾದ ಕಡೆ ಗುಡ್ಡ ಕುಸಿದು ಮನೆ-ತೋಟಗಳು ಮಣ್ಣುಪಾಲಾದಾಗ ಹುಟ್ಟಿದ ಪುನರ್ವಸತಿಯ ಬೇಡಿಕೆಗಳು ಮುಂದಿನ ವರ್ಷಗಳಲ್ಲೂ ಮುಂದುವರಿದವು. ಸಾಗುವಳಿ ಸಕ್ರಮಕ್ಕೆ 1990ರ ದಶಕದ ಆರಂಭದಲ್ಲಿ ನಮೂನೆ 50, ಆ ದಶಕದ ಕೊನೆಯಲ್ಲಿ ನಮೂನೆ 53, 2018ರಿಂದೀಚೆಗೆ ನಮೂನೆ 57 ಬಂದವು. ಮಲೆನಾಡಿನಲ್ಲಿ ಇವು ಬರಿಯ ಅಂಕಿಗಳಲ್ಲ. ಯಾವ ತಲೆಮಾರು ಅರ್ಜಿ ಹಾಕಿತೆಂಬುದರ ಗುರುತು. 'ಎರಡು ವರ್ಷದಿಂದ ಯಾರೂ ಮುಟ್ಟಿಲ್ಲ' ಎಂಬುದು ಇಲ್ಲಿ ಅರ್ಜಿಯ ಅಮುಖ್ಯತೆಗೆ ಸಾಕ್ಷಿಯಲ್ಲ, ಕಚೇರಿಯ ಅಲಕ್ಷ್ಯಕ್ಕೆ ಸಾಕ್ಷಿ. 'ಮುಖ್ಯವಾಗಿದ್ದರೆ ಮತ್ತೆ ಬರುತ್ತಾರೆ' ಎಂಬ ತರ್ಕವೂ ಇಲ್ಲಿ ಕ್ರೂರವಾಗುತ್ತದೆ. ಕೊಟ್ಟಿಗೆಹಾರದ ಆಚೀಚಿನ ಹಳ್ಳಿಯಿಂದ ಮೂಡಿಗೆರೆಗೆ ಬಸ್ಸು ಹಿಡಿದು ಮತ್ತೊಮ್ಮೆ ಬರುವುದೆಂದರೆ ತೋಟದ ಕೂಲಿಕಾರ್ತಿಗೆ ಒಂದು ದಿನದ ಸಂಬಳ ಹೋದಂತೆ. ಮತ್ತೆ ಮತ್ತೆ ಬರಬಲ್ಲವರು ಅನುಕೂಲಸ್ಥರು. ಹಾಗಾಗಿ ಈ ತರ್ಕದಿಂದ ಉಳಿಯುವುದು ಗಟ್ಟಿ ದನಿಯವರ ದೂರುಗಳು ಮಾತ್ರ.

ಸಾಗಣೆಯಲ್ಲಿ ಎಲ್ಲಕ್ಕಿಂತ ಸುಲಭವಾಗಿ ಕಳೆದುಹೋಗುವುದು ದಿನಾಂಕ. ಹೊಸ ತಂತ್ರಾಂಶಕ್ಕೆ ಸಾಲುಗಳನ್ನು ತುಂಬಿದ ದಿನವೇ ಎಲ್ಲ ಟಿಕೆಟ್‌ಗಳ ಹುಟ್ಟಿದ ದಿನವಾಗಿ ದಾಖಲಾಗುವ ಸಂಭವ ಹೆಚ್ಚು. ಮೂವತ್ತು ವರ್ಷ ಕಾದ ಅರ್ಜಿ ಒಂದೇ ರಾತ್ರಿಯಲ್ಲಿ ನಿನ್ನೆ ಬಂದ ಅರ್ಜಿಯ ಸಾಲಿನಲ್ಲಿ ನಿಲ್ಲುತ್ತದೆ. ಅಂಕಿ-ಅಂಶದ ಫಲಕದಲ್ಲಿ 'ಒಂದು ವರ್ಷ ಮೀರಿದ ಪ್ರಕರಣಗಳು: ಸೊನ್ನೆ' ಎಂದು ಹಸಿರು ಬಣ್ಣದಲ್ಲಿ ಮೂಡುತ್ತದೆ. ಯಾರೂ ಸುಳ್ಳು ಹೇಳಿರುವುದಿಲ್ಲ, ಆದರೂ ಅದೊಂದು ದೊಡ್ಡ ಸುಳ್ಳು. ಒಬ್ಬರೇ ಮೂರು ಬಾರಿ ಕೊಟ್ಟ ಅರ್ಜಿಗಳನ್ನು ಒಂದುಗೂಡಿಸುವಾಗಲೂ ಇದೇ ಅಪಾಯ. ಕೊನೆಯ ಅರ್ಜಿಯ ದಿನಾಂಕ ಉಳಿದು ಮೊದಲನೆಯದು ಅಳಿದರೆ, ಪಟ್ಟುಬಿಡದೆ ನೆನಪಿಸಿದ್ದಕ್ಕೇ ಆ ವ್ಯಕ್ತಿಗೆ ಶಿಕ್ಷೆಯಾದಂತೆ.

ಈ ವಿಷಯದಲ್ಲಿ ನಮ್ಮಲ್ಲೇ ಒಂದು ಒಳ್ಳೆಯ ಪಾಠವಿದೆ. ಶತಮಾನದ ತಿರುವಿನಲ್ಲಿ 'ಭೂಮಿ' ಯೋಜನೆ ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳನ್ನು ಕೈಬರಹದಿಂದ ಕಂಪ್ಯೂಟರಿಗೆ ಸಾಗಿಸಿದಾಗ ಜಗತ್ತು ಮೆಚ್ಚಿಕೊಂಡಿತು. ಅದರ ನಿಜವಾದ ಕ್ರಾಂತಿ ಮುದ್ರಿತ ಪಹಣಿಯಲ್ಲ, ಮ್ಯುಟೇಷನ್ ಅರ್ಜಿಗಳಿಗೆ ಅದು ವಿಧಿಸಿದ 'ಮೊದಲು ಬಂದವರಿಗೆ ಮೊದಲು' ಎಂಬ ಸರದಿ. ಹಿಂದೆ ಬಂದವರನ್ನು ಮುಂದೆ ದಾಟಿಸುವ ಅಧಿಕಾರ ಗುಮಾಸ್ತನ ಕೈಯಿಂದ ಜಾರಿತು. ಅದೇ ಯೋಜನೆ ಇನ್ನೊಂದು ಪಾಠವನ್ನೂ ಕಲಿಸಿದೆ. ಸಾಗಣೆಯಲ್ಲಿ ನುಸುಳಿದ ಹೆಸರಿನ ತಪ್ಪು, ವಿಸ್ತೀರ್ಣದ ತಪ್ಪುಗಳನ್ನು ತಿದ್ದಿಸಲು ರೈತರು ವರ್ಷಾನುಗಟ್ಟಲೆ ಅಲೆದರು. ಪಹಣಿ ತಿದ್ದುಪಡಿಗೆಂದೇ ಕಂದಾಯ ಅದಾಲತ್‌ಗಳನ್ನು ನಡೆಸಬೇಕಾಯಿತು. ಒಬ್ಬ ಟೈಪಿಸ್ಟನ ತಪ್ಪು ಒಂದು ಪಹಣಿಯನ್ನು ಕೆಡಿಸುತ್ತಿತ್ತು. ಇಂದಿನ ಯಂತ್ರದ ಒಂದು ತಪ್ಪು ಗ್ರಹಿಕೆ ಒಂದೇ ಕ್ಷಣದಲ್ಲಿ ಅಂಥ ಎಲ್ಲ ಸಾಲುಗಳನ್ನೂ ಒಂದೇ ರೀತಿಯಲ್ಲಿ ಕೆಡಿಸಬಲ್ಲದು.

ಹಾಗಾದರೆ ಎಐ ಬೇಡವೇ? ಖಂಡಿತ ಬೇಕು. ಅದನ್ನು ಬೇಡವೆಂದರೆ ಈ ಪಟ್ಟಿಗಳನ್ನು ಮುಂದಿನ ಹತ್ತು ವರ್ಷವೂ ಯಾರೂ ಓದುವುದಿಲ್ಲ. ಸಿಬ್ಬಂದಿಯ ಕೊರತೆಯಿರುವ ತಾಲ್ಲೂಕು ಕಚೇರಿಗೆ ನೆರವು ಬೇಕೆಂಬುದು ವಾಸ್ತವ. ಆದರೆ ಯಾವ ಕೆಲಸಕ್ಕೆ ಎಂಬ ಗೆರೆಯನ್ನು ಮೊದಲೇ ಎಳೆಯಬೇಕು. ಓದುವುದು, ಬಿಡಿಸುವುದು, ವರ್ಗೀಕರಿಸುವುದು, ಅನುಮಾನ ಬಂದ ಕಡೆ ಗುರುತು ಹಾಕುವುದು ಯಂತ್ರದ ಕೆಲಸವಾಗಲಿ. ಒಂದುಗೂಡಿಸುವುದು, ಹೊಣೆ ವಹಿಸುವುದು, ಮುಚ್ಚುವುದು ಹೆಸರು ಮತ್ತು ಹುದ್ದೆಯುಳ್ಳ ಮನುಷ್ಯನ ಕೆಲಸವಾಗಿಯೇ ಉಳಿಯಲಿ. ಮುಚ್ಚಿದ ಪ್ರತಿ ಟಿಕೆಟ್‌ನ ಕೆಳಗೆ ಯಾರು ಮುಚ್ಚಿದರು, ಯಾವ ಕಾರಣಕ್ಕೆ ಎಂಬುದು ದಾಖಲಾಗಬೇಕು. 'ವ್ಯವಸ್ಥೆಯಿಂದ ಸ್ವಯಂಚಾಲಿತವಾಗಿ ವಿಲೇವಾರಿ' ಎಂಬ ಷರಾಕ್ಕೆ ಅಲ್ಲಿ ಅವಕಾಶವೇ ಇರಬಾರದು.

ಇದರೊಡನೆ ಕೆಲವು ಸರಳ ಶಿಸ್ತುಗಳು ಅಗತ್ಯ. ಮೂಲ ಎಕ್ಸೆಲ್ ಕಡತವನ್ನು ಯಾರೂ ತಿದ್ದದಂತೆ ಬೀಗಹಾಕಿ ಇಡಬೇಕು. ಅದರ ಸಾಲುಸಂಖ್ಯೆ ಹೊಸ ಟಿಕೆಟ್‌ನಲ್ಲೂ ಕಾಣಬೇಕು. ಮೊದಲ ಅರ್ಜಿಯ ದಿನಾಂಕವೇ ಟಿಕೆಟ್‌ನ ದಿನಾಂಕವಾಗಬೇಕು. ಷರಾದ ಮೂಲ ಒಕ್ಕಣೆ ಯಂತ್ರದ ಸಾರಾಂಶದ ಪಕ್ಕದಲ್ಲೇ ಇರಬೇಕು. ಖಾಲಿ ಇದ್ದ ಕೋಶ ಖಾಲಿಯಾಗಿಯೇ ಬರಬೇಕು. ಇಡೀ ಪಟ್ಟಿಯನ್ನು ಸಾಗಿಸುವ ಮುನ್ನ ನೂರು ಸಾಲುಗಳನ್ನು ಸಾಗಿಸಿ, ಆ ಹಳ್ಳಿಗಳನ್ನು ಬಲ್ಲ ಗ್ರಾಮ ಆಡಳಿತ ಅಧಿಕಾರಿಯಿಂದ ಒಂದೊಂದನ್ನೂ ಪರಿಶೀಲಿಸಬೇಕು. ಅರ್ಜಿದಾರರ ಆಧಾರ್ ಸಂಖ್ಯೆ, ದೂರವಾಣಿ ಸಂಖ್ಯೆಗಳಿರುವ ಕಡತವನ್ನು ಪುಕ್ಕಟೆ ಸಿಗುವ ಯಾವುದೋ ಎಐ ಸೇವೆಗೆ ಸುರಿಯಬಾರದು. 2025ರ ಜನವರಿಯಲ್ಲಿ ಕೇಂದ್ರ ಹಣಕಾಸು ಸಚಿವಾಲಯ ಕಚೇರಿ ಕಂಪ್ಯೂಟರುಗಳಲ್ಲಿ ಚಾಟ್‌ಜಿಪಿಟಿ, ಡೀಪ್‌ಸೀಕ್‌ನಂಥ ಸಾಧನಗಳನ್ನು ಬಳಸದಂತೆ ತನ್ನ ನೌಕರರಿಗೆ ಸೂಚಿಸಿದ್ದು ಈ ಭಯದಿಂದಲೇ. ದೆಹಲಿಯ ಕಡತಕ್ಕೆ ಇರುವ ಗೌಪ್ಯತೆ ಮಲೆನಾಡಿನ ಬಡವರ ಮಾಹಿತಿಗೂ ಸಲ್ಲಬೇಕು.

ಅರ್ಜಿದಾರರಿಗೆ ತಿಳಿಸುವುದು ಇನ್ನೂ ಮುಖ್ಯ. 'ನಿಮ್ಮ ಇಂಥ ದಿನಾಂಕದ ಅರ್ಜಿ ಇಂಥ ಸಂಖ್ಯೆಯಾಗಿದೆ, ಅದರ ಸ್ಥಿತಿ ಹೀಗಿದೆ, ತಪ್ಪಿದ್ದರೆ ತಿಳಿಸಿ' ಎಂಬ ಸಂದೇಶ ಕನ್ನಡದಲ್ಲಿ ಪ್ರತಿಯೊಬ್ಬರಿಗೂ ತಲುಪಬೇಕು. ಗಾಳಿಮಳೆಗೆ ವಿದ್ಯುತ್ತೂ ಮೊಬೈಲ್ ಸಂಕೇತವೂ ಕೈಕೊಡುವ ಘಟ್ಟದಂಚಿನ ಹಳ್ಳಿಗಳಲ್ಲಿ ಸಂದೇಶವೊಂದೇ ಸಾಲದು. ಗ್ರಾಮ ಪಂಚಾಯಿತಿಯಲ್ಲಿ ಮುದ್ರಿತ ಪಟ್ಟಿ ಹಚ್ಚಬೇಕು. ಇಬ್ಬರು ಲಕ್ಷ್ಮಮ್ಮಂದಿರು ಬೇರೆ ಬೇರೆ ಎಂಬುದನ್ನು ಯಾವ ಮಾದರಿಗಿಂತಲೂ ಚೆನ್ನಾಗಿ ಹೇಳಬಲ್ಲವರು ಅವರ ಊರಿನವರೇ.

ಇಷ್ಟು ಮಾಡುವುದರಿಂದ ಕೆಲಸ ಒಂದು ಮಧ್ಯಾಹ್ನದಲ್ಲಿ ಮುಗಿಯದೆ ಮೂರು ತಿಂಗಳು ಹಿಡಿಯಬಹುದು. ಮೂವತ್ತು ವರ್ಷ ಕಾಯಿಸಿದವರು ಮೂರು ತಿಂಗಳಿಗೆ ಅಂಜಬೇಕಿಲ್ಲ. ಹಳೆಯ ಪಟ್ಟಿಯಲ್ಲಿದ್ದ ಸಾಲುಗಳೆಷ್ಟು, ಅವುಗಳಿಂದ ಬಿಡಿಸಿದ ದೂರುಗಳೆಷ್ಟು, ಹೊಸದಕ್ಕೆ ಬಂದವೆಷ್ಟು, ಒಂದುಗೂಡಿದವೆಷ್ಟು, ಮುಚ್ಚಿದವೆಷ್ಟು, ಯಾರ ಸಹಿಯಿಂದ - ಈ ಲೆಕ್ಕ ಒಂದಕ್ಕೊಂದು ತಾಳೆಯಾಗಬೇಕು. ತಾಳೆಯಾದ ಲೆಕ್ಕ ತಾಲ್ಲೂಕು ಕಚೇರಿಯ ಸೂಚನಾ ಫಲಕದ ಮೇಲೆ ಬಂದ ನಂತರವೇ ಹೊಸ ತಂತ್ರಾಂಶದ ಉದ್ಘಾಟನೆಗೆ ದಿನ ಗೊತ್ತುಮಾಡಲಿ.